ಬಯಲಿಗೆ ಮುಚ್ಚಿದ ಕಿಟಕಿ

ಕಳೆದ ವಾರ ಮಾರ್ಕೆಟ್ ಯಾರ್ಡಿನ ಹಿಂದಿನ ರಸ್ತೆಯಲ್ಲಿ ರಿಕ್ಷಾ ನಿಂತಾಗ ಒಣಮೆಣಸಿನಕಾಯಿಯ ಘಾಟು ಮೂಗಿಗೆ ಅಡರಿತು. ಹಮಾಲರು ಚೀಲ ಇಳಿಸುತ್ತಿದ್ದರು. ಸೀನು ಬರುತ್ತದೆ ಎಂದುಕೊಂಡು ಸೆರಗು ಹಿಡಿದೆ. ಬರಲಿಲ್ಲ. ಹಿಂದೆ ನಮ್ಮ ಕೆಳಗಿನ ಮನೆಯಲ್ಲಿದ್ದ ಕಾಕಾ ಅವರ ಅಂಗಿಗೆ ಸದಾ ಈ ಘಾಟು ಇರುತ್ತಿತ್ತು. ಅವರು ನೆನಪಾದರೆ ಆ ವರ್ಷದ ಹೆದರಿಕೆಯೂ ಹಿಂದೆಯೇ ಬರುತ್ತದೆ...

ಆಗ ನಾವು ಬಿಬವೇವಾಡಿಯಲ್ಲಿ ಬಾಡಿಗೆಗೆ ಇದ್ದೆವು. ಗುಡ್ಡದ ಇಳಿಜಾರಿನಲ್ಲಿ ನಾಲ್ಕು ಕಟ್ಟಡಗಳ ಹೌಸಿಂಗ್ ಸೊಸೈಟಿ, ನಡುವೆ ಒಂದು ಬಯಲು. ನೋಡಲು ಅಂಥ ಚೆಂದದ್ದೇನೂ ಆಗಿರಲಿಲ್ಲ. ಕಲ್ಲು, ನಾಲ್ಕಾರು ಬೇವಿನ ಗಿಡ, ಒಂದು ಮುರಿದ ಜಾರುಬಂಡೆ. ಮಕ್ಕಳು ಕ್ರಿಕೆಟ್ ಆಡುತ್ತಿದ್ದರು, ಹೆಂಗಸರು ಹಪ್ಪಳ ಒಣಗಿಸುತ್ತಿದ್ದರು, ಮಳೆಗಾಲದಲ್ಲಿ ಗುಡ್ಡದಿಂದ ಇಳಿದ ನೀರು ಅಲ್ಲೇ ನಿಂತು ಇಂಗುತ್ತಿತ್ತು. ನಾವು ಎರಡನೆಯ ಮಹಡಿ, ಕಾಕಾ ಮತ್ತು ಅವರ ಹೆಂಡತಿ ಕಾಕು ಒಂದನೆಯ ಮಹಡಿ. ಕಾಕಾ ಬೈಲಹೊಂಗಲ ಕಡೆಯವರು, ಯಾರ್ಡಿನಲ್ಲಿ ಮೆಣಸಿನಕಾಯಿ ದಲಾಲಿ ಮಾಡುತ್ತಿದ್ದರು. ಧಾರವಾಡದವಳಾದ ನನಗೆ ಎಲ್ಲರೂ ಮರಾಠಿ ಆಡುವ ಆ ಕಟ್ಟಡದಲ್ಲಿ ಕನ್ನಡ ಸಿಗುತ್ತಿದ್ದುದು ಅವರ ಮನೆಯಲ್ಲೇ. ಬೇರೆ ಯಾರೂ ಒಪ್ಪದ್ದರಿಂದ ಸೊಸೈಟಿಯ ಚೇರ್ಮನ್ ಪಟ್ಟ ಅವರ ಪಾಲಿಗೆ ಬಂದಿತ್ತು.

ಅಷ್ಟು ಪುಕ್ಕಲು ಮನುಷ್ಯನನ್ನು ನಾನು ಬೇರೆ ಕಂಡಿಲ್ಲ. ಲಿಫ್ಟ್ ಹತ್ತುತ್ತಿರಲಿಲ್ಲ. ನಾಯಿ ಕಂಡರೆ ಕಾಕುವಿನ ಆಚೆ ಬದಿಗೆ ಸರಿಯುತ್ತಿದ್ದರು. ಗುಡುಗಿದರೆ ಮನೆಯ ಮೇನ್ ಸ್ವಿಚ್ಚನ್ನೇ ತೆಗೆದು ಕತ್ತಲಲ್ಲಿ ಕೂರುತ್ತಿದ್ದರು.

ಸೊಸೈಟಿ ಕಟ್ಟಿದ ಬಿಲ್ಡರ್ ಎಷ್ಟೋ ವರ್ಷಗಳ ಮೇಲೆ ಒಂದು ದಿನ ಪೇಡೆಯ ಡಬ್ಬಿ ಹಿಡಿದು ಸೊಸೈಟಿಯ ಸಭೆಗೆ ಬಂದ. ಆ ಬಯಲಿನಲ್ಲಿ ಐದನೆಯ ಕಟ್ಟಡ ಎಬ್ಬಿಸಬೇಕಾಗಿತ್ತು. ಮೊದಲು ಮಂಜೂರಾದ ನಕ್ಷೆ ಬದಲಿಸಲು ಮನೆ ಮಾಲೀಕರ ಒಪ್ಪಿಗೆ ಬೇಕು. ಹೊಸ ಲಿಫ್ಟ್, ಹೊಸ ಬಣ್ಣ ಎಲ್ಲ ಮಾಡಿಕೊಡುತ್ತೇನೆಂದ. ಜನ ತಲೆಯಾಡಿಸಿದರು. ಕಾಕಾ ಮಾತ್ರ ಎದ್ದು, ಧ್ವನಿ ನಡುಗುತ್ತಿದ್ದರೂ, ಆಗುವುದಿಲ್ಲ ಎಂದುಬಿಟ್ಟರು.

ಆಮೇಲೆ ಅವರ ಮನೆಯಲ್ಲಿ, ಯಾಕೆ ಬೇಡವೆಂದಿರಿ ಎಂದು ನಾನೇ ಕೇಳಿದೆ. ಅವರು ಚಹದ ಬಸಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದರು.

“ನೋಡವಾ ತಂಗಿ, ಈ ಬಯಲು ಬಿಡ್ತೀವಿ ಅಂತ ಹೇಳೇ ಅವರು ಇಷ್ಟು ಮನಿ ಕಟ್ಟಾಕ ಪರವಾನಗಿ ತಗೊಂಡಾರ. ಅದು ಎಲ್ಲಾರದೂ ಜಾಗಾ. ಗುಡ್ಡದ ನೀರು ನಾಳೆ ಎಲ್ಲಿ ಹೋಗಬೇಕು? ಬೆಂಕಿ ಬಿದ್ರ ಆ ದೊಡ್ಡ ಗಾಡಿ ಎಲ್ಲಿ ತಿರುಗಬೇಕು? ನನಗ ಇವೆಲ್ಲಾ ಕಣ್ಮುಂದ ಬರ್ತಾವು. ಆ ಕಾಯದೆ ಮಾಡಿದವನೂ ನನ್ನಂಥಾ ಪುಕ್ಕಲನ ಇದ್ದಿರಬೇಕು.”

ನಾವು ನಕ್ಕೆವು. ಆ ಮನೆಯಲ್ಲಿ ಹಾಗೆ ನಕ್ಕದ್ದು ಅದೇ ಕೊನೆ ಇರಬೇಕು.

ಅದಾದ ಮೇಲೆ ಗೇಟಿನ ಎದುರು ಒಬ್ಬ ಮೋಟರ್‌ಸೈಕಲ್ ನಿಲ್ಲಿಸಿಕೊಂಡು ಕೂರತೊಡಗಿದ. ಯಾರಿಗೂ ಏನೂ ಮಾಡುತ್ತಿರಲಿಲ್ಲ. ಸಂಜೆ ಬರುತ್ತಿದ್ದ, ಕೂರುತ್ತಿದ್ದ, ಹೋಗುತ್ತಿದ್ದ. ಬರಬರುತ್ತಾ ಹೆಂಗಸರು ಬಯಲಿಗೆ ಇಳಿಯುವುದನ್ನು ಬಿಟ್ಟರು, ಮಕ್ಕಳನ್ನು ಒಳಗೇ ಇಟ್ಟುಕೊಂಡರು. ಒಮ್ಮೆ ನಾನೂ ಕಾಕುವೂ ಕಾಯಿಪಲ್ಲೆ ತರುತ್ತಿದ್ದಾಗ ಆತ ಎದ್ದು ನಿಂತು ಬಹಳ ಮರ್ಯಾದೆಯಿಂದ, “ಕಾಕು, ಜಿನ್ಯಾವರೂನ ಸಾಂಭಾಳೂನ ಉತರಾ ಹಂ” ಎಂದ. ಮೆಟ್ಟಿಲು ಇಳಿಯುವಾಗ ಜೋಪಾನ ಅಂತ. ಅಷ್ಟೇ. ಕಾಕು ಚೀಲವನ್ನು ನನ್ನ ಕೈಗೆ ಕೊಟ್ಟು, ಕಟಕಟೆ ಬಿಗಿಯಾಗಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿದರು.

ಬಿಲ್ಡರನ ಒಪ್ಪಿಗೆ ಪತ್ರಕ್ಕೆ ಒಬ್ಬೊಬ್ಬರೇ ಸಹಿ ಹಾಕತೊಡಗಿದರು. ಯಾರೂ ಹೇಳಿಕೊಳ್ಳುತ್ತಿರಲಿಲ್ಲ, ಆದರೆ ಕಾಕಾ ಎದುರಾದಾಗ ಮುಖ ತಿರುಗಿಸುವುದರಿಂದ ಗೊತ್ತಾಗುತ್ತಿತ್ತು. ಬಾಡಿಗೆಯ ನಮ್ಮ ಸಹಿ ಯಾರಿಗೂ ಬೇಕಿರಲಿಲ್ಲ. ಆದರೂ ಬಾಗಿಲ ಕರೆಗಂಟೆ ಬಾರಿಸಿದರೆ ನಾನು ಯಾರೆಂದು ಕೇಳದೆ ತೆರೆಯುತ್ತಿರಲಿಲ್ಲ. ಕಾಕಾ ಪಾಲಿಕೆಗೆ ತಕರಾರು ಕೊಟ್ಟಿದ್ದರು. ಅದು ವಿಚಾರಣೆಗೆ ಬರುವ ಮೊದಲೇ ಒಂದು ಬೆಳಿಗ್ಗೆ, ಗಂಡಸರೆಲ್ಲ ಕೆಲಸಕ್ಕೆ ಹೋದ ಮೇಲೆ, ಜೆಸಿಬಿ ಗೇಟಿನೊಳಗೆ ಬಂತು.

ನಾನು ಬಾಲ್ಕನಿಗೆ ಓಡಿದೆ. ಮೊದಲ ಬೇವಿನ ಗಿಡ ಆಗಲೇ ಅಡ್ಡ ಬಿದ್ದಿತ್ತು. ಅಷ್ಟರಲ್ಲಿ, ಆ ದಿನ ಯಾರ್ಡಿಗೆ ಹೋಗದಿದ್ದ ಕಾಕಾ ಪ್ಲಾಸ್ಟಿಕ್ ಕುರ್ಚಿ ಎತ್ತಿಕೊಂಡು ಬಯಲಿಗೆ ಬರುವುದು ಕಾಣಿಸಿತು. ಕುರ್ಚಿಯನ್ನು ಯಂತ್ರದ ಮುಂದೆ ಹಾಕಿ ಕೂತುಬಿಟ್ಟರು. “ಏಳ್ರೀ! ಒಳಗ ಬರ್ರೀ!” ಎಂದು ಕಾಕು ಕಿಟಕಿಯಿಂದ ಕೂಗುತ್ತಲೇ ಇದ್ದರು. ಜೆಸಿಬಿಯ ತೋಳು ಮೇಲೆದ್ದು ಅಲ್ಲೇ ತೂಗುತ್ತಿತ್ತು. ಡ್ರೈವರ್ ಹಾರ್ನ್ ಬಾರಿಸಿದ. ಆಮೇಲೆ ಸ್ವಲ್ಪ ಮುಂದೆ ತಂದ. ಮತ್ತೆ ಸ್ವಲ್ಪ...

ನಾನು ಹೇಗೆ ಕೆಳಗಿಳಿದೆನೋ ತಿಳಿಯದು. ಹತ್ತಿರ ಹೋದಾಗ ಅವರ ಧೋತರ ಗಾಳಿಗೆ ಸಿಕ್ಕಂತೆ ನಡುಗುತ್ತಿತ್ತು. ಗಾಳಿ ಇರಲಿಲ್ಲ.

“ಕಾಕಾ, ಏಳ್ರಿ, ನಡೀರಿ ಮನಿಗೆ.”

“ಏಳಬೇಕಂತನೇ ಮಾಡೀನವ್ವಾ,” ಎಂದರು, ತುಟಿ ಬೆಳ್ಳಗಾಗಿತ್ತು. “ಭಾಳ ಹೆದರಿಕಿ ಆಗೇದ. ಕಾಲು ಬರವಲ್ವು.”

ನಾನು ಅವರ ಕುರ್ಚಿಯ ಹಿಂಬದಿ ಹಿಡಿದು ನಿಂತೆ. ಡೀಸೆಲ್ ಹೊಗೆ ಮುಖಕ್ಕೆ ಹೊಡೆಯುತ್ತಿತ್ತು. ಆಮೇಲೆ ಎದುರು ಕಟ್ಟಡದಿಂದ ಒಬ್ಬ ಅಜ್ಜಿ ಇಳಿದು ಬಂದರು, ಅವರ ಹಿಂದೆ ಸೊಸೆ, ಆಮೇಲೆ ಇನ್ನೂ ಕೆಲವು ಹೆಂಗಸರು. ಸಹಿ ಹಾಕಿದ್ದವರ ಮನೆಯವರೂ ಇದ್ದರು. ಯಾರೂ ಘೋಷಣೆ ಕೂಗಲಿಲ್ಲ. ಬಂದು ಕುರ್ಚಿಯ ಸುತ್ತ ನಿಂತರು. ಡ್ರೈವರ್ ನಮ್ಮನ್ನು ಒಂದಿಷ್ಟು ಹೊತ್ತು ನೋಡಿ ಎಂಜಿನ್ ಬಂದ್ ಮಾಡಿದ.

ಮಧ್ಯಾಹ್ನ ಪೊಲೀಸರು ಬಂದರು, ಮರುದಿನ ಪಾಲಿಕೆಯವರು ಬಂದರು. ಕೆಲಸ ನಿಂತಿತು. ಕೆಲವು ತಿಂಗಳ ಮೇಲೆ ಬದಲಿ ನಕ್ಷೆ ನಾಮಂಜೂರಾಯಿತು. ಬಯಲು ಬಯಲಾಗಿಯೇ ಇರಬೇಕೆಂದು ಆದೇಶವಾಯಿತು. ಮೋಟರ್‌ಸೈಕಲ್ಲಿನವನು ಮತ್ತೆ ಕಾಣಿಸಲಿಲ್ಲ. ಜನ ಕಾಕಾಗೆ ಹಾರ ಹಾಕಬೇಕೆಂದರು. ಅವರು ಬಾಗಿಲು ತೆರೆಯಲಿಲ್ಲ.

ಹೆದರಿಕೆ ಎಲ್ಲರ ಮನೆಯಿಂದ ಎದ್ದು ಅವರ ಮನೆಗೆ ಹೋಗಿ ಕೂತಿತ್ತು. ಬಯಲಿನ ಕಡೆಯ ಕಿಟಕಿಗಳನ್ನು ಮುಚ್ಚಿಸಿ, ಸಂದಿಗೆ ಬಟ್ಟೆ ತುರುಕಿಸಿದರು. ರಸ್ತೆಯಲ್ಲಿ ಲಾರಿ ತಿರುಗಿದರೂ ಎದ್ದು ಅಡುಗೆಮನೆಗೆ ಹೋಗಿ ನಿಲ್ಲುತ್ತಿದ್ದರು. ಯಾರ್ಡಿಗೆ ಹೋಗುವುದನ್ನು ಬಿಟ್ಟರು. ಅಂಗಿಯಲ್ಲಿದ್ದ ಘಾಟು ಮೆಲ್ಲಗೆ ಹೋಯಿತು, ಔಷಧದ ವಾಸನೆ ಬಂತು. ಹೊರಗೆ ಮಕ್ಕಳು ಮತ್ತೆ ಆಡುತ್ತಿದ್ದರು. ಚೆಂಡು ಕಿಟಕಿಗೆ ಬಡಿದ ದಿನ ಅವರು ಮಂಚದ ಮೂಲೆಗೆ ಸರಿದು, “ಮತ್ತ ಬಂದ್ರೇನು ಅವರು? ಬಂದ್ರೇನು?” ಎಂದು ಕೇಳುತ್ತಿದ್ದುದನ್ನು ನಾನೇ ಕಂಡಿದ್ದೇನೆ. ಉಳಿಸಿದ ಬಯಲಿನಲ್ಲಿ ಅವರು ಒಂದು ಸಲವೂ ಕಾಲಿಡಲಿಲ್ಲ.

ಆಮೇಲೆ ಮನೆ ಮಾರಿ ಊರ ಕಡೆ ತಮ್ಮನ ಹತ್ತಿರ ಹೋದರು. ಎರಡು ಮಳೆಗಾಲ ಕಳೆದಿತ್ತೋ ಏನೋ, ಕಾಕು ಫೋನ್ ಮಾಡಿ, “ಹೋದ್ರವ್ವಾ...” ಎಂದರು.

ಈಗ ನಮ್ಮದು ತಳೇಗಾಂವ ದಾಭಾಡೆಯಲ್ಲಿ ಸ್ವಂತ ಮನೆ. ಇಲ್ಲಿಯೂ ಕಟ್ಟಡಗಳ ನಡುವೆ, ನಕ್ಷೆಯಲ್ಲಿ ಬಿಟ್ಟ ಒಂದು ತೋಟವಿದೆ. ನಿನ್ನೆ ಮಧ್ಯಾಹ್ನ ಇಲ್ಲಿನ ಬಿಲ್ಡರನ ಕಡೆಯ ಇಬ್ಬರು ಬಂದಿದ್ದರು, ಇಸ್ತ್ರಿ ಮಾಡಿದ ಅಂಗಿ, ನಗುಮುಖ. “ಛೋಟಾಸಾ ಬದಲ ಆಹೇ, ಮ್ಯಾಡಮ್,” ಚಿಕ್ಕ ಬದಲಾವಣೆ, ತೋಟದ ಅರ್ಧದಲ್ಲಿ ಒಂದು ಕಟ್ಟಡ ಬರುತ್ತದೆ, ಎಲ್ಲರೂ ಒಪ್ಪಿದ್ದಾರೆ ಎಂದರು. ನಾನು ಒಪ್ಪುವುದಿಲ್ಲ ಎಂದೆ. ನನ್ನ ಧ್ವನಿ ನನಗೇ ಬೇರೆಯವರದ್ದೆನಿಸಿತು. ಅವರು ಸಿಟ್ಟಾಗಲಿಲ್ಲ. ಹೊರಡುವಾಗ ಒಬ್ಬ ಚಪ್ಪಲಿ ಮೆಟ್ಟುತ್ತಾ, ನಿಮ್ಮ ಮಗಳು ಚಿಂಚವಡದ ಬ್ಯಾಂಕಿಗೆ ದಿನಾ ಲೋಕಲ್ ರೈಲಿನಲ್ಲೇ ಹೋಗುತ್ತಾಳಲ್ಲವೇ ಎಂದು ಮರಾಠಿಯಲ್ಲಿ ಕೇಳಿದ.

ಬಾಗಿಲು ಹಾಕಿ, ಚಿಲಕ ಹಾಕಿದೆ. ಇಲ್ಲ ಎಂದ ಮೇಲಿನ ದಿನಗಳನ್ನು ಹೇಗೆ ಕಳೆಯುವುದೆಂದು ನಾನು ಕಾಕಾ ಅವರನ್ನು ಎಂದೂ ಕೇಳಿರಲಿಲ್ಲ. ಕೇಳೋಣವೆಂದರೆ ಅವರಿಲ್ಲ.

ಮಗಳಿಗೆ ಫೋನ್ ಮಾಡಿದೆ. “ಇವತ್ತ ರೈಲಿಗೆ ಬರಬ್ಯಾಡ, ಅಪ್ಪ ಬಂದು ಕರಕೊಂಡ ಬರ್ತಾರ,” ಎಂದೆ.

“ಯಾಕವ್ವಾ, ಏನಾತು?” ಎಂದಳು.

ಏನೂ ಇಲ್ಲ ಎಂದೆ.