ಆಗಸ್ಟ್ ಇಪ್ಪತ್ತೆಂಟರ ಚೌಕ

ಅಮ್ಮನ ವಿಷಯ ಬರುತ್ತದೆಂದು ಇದನ್ನು ಬರೆಯದೇ ಬಿಡುವವಳಿದ್ದೆ. ಮಗಳ ಶಾಲೆಯಲ್ಲಿ ಅಮೆರಿಕದ ಕಪ್ಪು ಜನರ ಇತಿಹಾಸದ ಭಿತ್ತಿಪತ್ರ ನೋಡಿದೆ: ಆಗಸ್ಟ್ ಇಪ್ಪತ್ತೆಂಟು, 1963, ಸಮಾನ ಹಕ್ಕಿಗಾಗಿ ವಾಷಿಂಗ್ಟನ್ ಮೆರವಣಿಗೆ. ಅಷ್ಟೇ ಇತ್ತು; ಅದೇ ತಾರೀಖಿನ ಇನ್ನೊಂದು ಸಂಗತಿ ಇರಲಿಲ್ಲ.

ಕಾಲು ಶತಮಾನದ ಹಿಂದೆ, ನಾವು ವಲಸೆ ಬಂದು ನೆಲೆಸಿದ್ದ ಹ್ಯಾಮಿಲ್ಟನ್ನಿನ ಅಡುಗೆಮನೆಯಲ್ಲಿ ಊರಿಂದ ಬಂದ ದೇವರ ಕ್ಯಾಲೆಂಡರ್ ತೂಗುತ್ತಿತ್ತು. ಹೈಸ್ಕೂಲಿನಲ್ಲಿದ್ದ ನಾನು ಆ ದಿನದ ಚೌಕದಲ್ಲಿ ಮೆರವಣಿಗೆಯನ್ನೂ, ಅದಕ್ಕೆ ಎಂಟು ವರ್ಷ ಮೊದಲು ಅದೇ ತಾರೀಖಿನಂದು ಬಿಳಿಯರು ಕೊಂದ ಹದಿನಾಲ್ಕರ ಕಪ್ಪು ಹುಡುಗನ ಸಾವನ್ನೂ ಬರೆದೆ.

“ದೇವರ ಪಟದ ಕೆಳಗೆ ಸಾವು ಬರೀತಾರೇನೇ?” ಎಂದು ಅಮ್ಮ ಹುಡುಗನ ಸಾಲಿನ ಮೇಲೆ ಕಾಗದ ಅಂಟಿಸಿದಳು.

“ಅಜ್ಜನ ತಿಥಿ ನೀನೇ ಬರ್ದಿದ್ದೀಯಲ್ಲಮ್ಮ?”

“ಅಜ್ಜ ನಮ್ಮವರು ಕಣೇ. ಇವನ್ಯಾರು?”

ಆ ಪ್ರಶ್ನೆಗೆ ಇಂದಿಗೂ ಮೈ ಉರಿಯುತ್ತದೆ. ಅಮ್ಮ ಕೆಟ್ಟವಳಲ್ಲ, ಅದೇ ಇನ್ನಷ್ಟು ಸಿಟ್ಟು ತರಿಸುತ್ತದೆ. ಹುಡುಗನ ತಿಥಿಯೆಂದೇ ಇದನ್ನು ಎಲ್ಲರೂ ಓದುವಂತೆ ಹಾಕುತ್ತೇನೆ, ಆಗಸ್ಟ್ ಇಪ್ಪತ್ತೆಂಟಕ್ಕೆ.