ಬೋನಿಫಸ್ ಮಾಮನ ಬ್ರೆಡ್ಡಿನ ರಾಗ

ಮೊದಲೇ ಕ್ಷಮೆ ಕೇಳುತ್ತೇನೆ. ನನ್ನ ಅಕ್ಷರ ಚೆನ್ನಾಗಿಲ್ಲ, ಸಾಲುಗಳು ಬಲಗಡೆಗೆ ಇಳಿಯುತ್ತವೆ. ಒಂಬತ್ತನೇ ತರಗತಿಗೆ ಶಾಲೆ ಬಿಟ್ಟವಳು, ಪದಗಳೂ ಕಡಿಮೆ. ಆದರೂ ಚರ್ಚಿನ ಹಬ್ಬದ ಸಂಚಿಕೆಗೆ ನಿಮ್ಮ ಬೀದಿಯ ಒಬ್ಬರ ಬಗ್ಗೆ ಬರೆಯಿರಿ ಎಂದಾಗ, ಬೋನಿಫಸ್ ತಿಸ್ಸೇರಾ ಮಾಮನ ಬಗ್ಗೆ ಬೇರೆ ಯಾರಾದರೂ ತಪ್ಪಾಗಿ ಬರೆದುಬಿಟ್ಟಾರೆಂದು ಹೆದರಿ ನಾನೇ ತಿದ್ದಿ ತಿದ್ದಿ ಬರೆದಿದ್ದೇನೆ.

ಕಡಲದಂಡೆಯ ನಮ್ಮ ಮೀಗಮುವ ಊರಿನಲ್ಲಿ ಮಾಮನ ಸಂಗೀತವಿಲ್ಲದೆ ಯಾರ ಮದುವೆಯೂ ಆಗಿಲ್ಲ, ಯಾರನ್ನೂ ಮಣ್ಣು ಮಾಡಿಲ್ಲ. ಬೆಳಿಗ್ಗೆ ಚರ್ಚಿನಲ್ಲಿ ಆರ್ಗನ್, ಸಂಜೆ ಮದುವೆ ಮನೆಯಲ್ಲಿ ಬೈಲಾ ಕುಣಿತದ ಹಾಡು. ನಡುವೆ ಅಂಗಡಿಯವರಿಗೆ ಜಾಹೀರಾತಿನ ಹಾಡು: ನೋವಿನ ಮುಲಾಮು, ರಬ್ಬರ್ ಚಪ್ಪಲಿ, ಸೊಳ್ಳೆಬತ್ತಿ. ಸೊಳ್ಳೆಬತ್ತಿಯವರು ಹಣದ ಬದಲು ಸೊಳ್ಳೆಬತ್ತಿಯನ್ನೇ ಕೊಟ್ಟರು. ಅದು ಇನ್ನೂ ಮುಗಿದಿಲ್ಲ. ಮಾಮನ ಮನೆಗೆ ಹೋದವರೆಲ್ಲ ಕೆಮ್ಮುತ್ತಾರೆ.

ಒಂದು ಭಾನುವಾರ ಪರಮಪ್ರಸಾದ ಹಂಚುವಾಗ ಮಾಮನ ಬೆರಳು ತಾನಾಗಿ ಚಪ್ಪಲಿಯ ಹಾಡಿಗೆ ಜಾರಿತು. ಪೂಜೆ ಮುಗಿದ ಮೇಲೆ ಫಾದರ್ ಕರೆದು, "ಬೋನಿಫಸ್, ಇವತ್ತು ಜನ ಎಲ್ಲಾ ತಲೆ ತಗ್ಗಿಸಿ ನಿಂತಿದ್ರು. ಭಕ್ತಿ ಅಂದ್ಕೊಂಡೆ. ನೋಡಿದ್ರೆ ಎಲ್ಲಾ ಅವರವರ ಕಾಲು ನೋಡ್ಕೋತಾ ಇದಾರೆ!" ಎಂದರು.

ನನ್ನ ಅಪ್ಪ ಬೀದಿ ಬೀದಿಗೆ ಹೋಗಿ ಬ್ರೆಡ್ ಮಾರುವ ಆಟೊ ಓಡಿಸುತ್ತಾರೆ. ನಾನು ಹಿಂದೆ ಕೂತು ಬ್ರೆಡ್ಡು, ಮೀನಿನ ಬನ್ನು ಎತ್ತಿ ಕೊಡುತ್ತೇನೆ. ಜನರನ್ನು ಕರೆಯಲು ಬ್ರೆಡ್ ಆಟೊಗಳೆಲ್ಲ ಹಾಕುವುದು ಒಂದೇ ರಾಗ, ಯಾವುದೋ ಹೊರದೇಶದ ಪಿಯಾನೊ ರಾಗ. ಹೊಸ ಬೇಕರಿಯ ಆಟೊ ಅದನ್ನೇ ಹಾಕಿಕೊಂಡು ನಮಗಿಂತ ಸ್ವಲ್ಪ ಮೊದಲು ಬಂದುಹೋಗಲು ಶುರುಮಾಡಿತು. ನಾವು ಹೋಗುವಷ್ಟರಲ್ಲಿ ಜನರ ಬಾಯಲ್ಲಿ ಆಗಲೇ ಬನ್ನು ಇರುತ್ತಿತ್ತು. ಹಬ್ಬದೊಳಗೆ ವ್ಯಾಪಾರ ಕುದುರದಿದ್ದರೆ ಆಟೊ ಮಾರಿ ದೊಡ್ಡಪ್ಪನ ಮೀನುದೋಣಿ ಹತ್ತುವುದೆಂದು ಅಪ್ಪ ನಿಶ್ಚಯಿಸಿದರು. ದಡಕ್ಕೆ ಕಟ್ಟಿದ ದೋಣಿಯಲ್ಲಿ ಕೂತರೂ ಅಪ್ಪನಿಗೆ ವಾಂತಿಯಾಗುತ್ತದೆ.

ಅಪ್ಪ ಪಕ್ಕದ ಮನೆಯ ಮಾಮನ ಬಳಿ ಹೋಗಿ, "ಅಣ್ಣಾ, ನಂಗೇ ಅಂತ ಒಂದು ರಾಗ ಮಾಡಿಕೊಡಣ್ಣ. ಮಾತು ಬೇಡ. ಆಟೊ ಸದ್ದಲ್ಲಿ ಮಾತು ಯಾರಿಗೆ ಕೇಳುತ್ತೆ?" ಎಂದರು.

"ಮಾತಿಲ್ದೆ ಹೆಂಗಯ್ಯಾ? ಚಪ್ಪಲಿಗಾದ್ರೆ ಟಪ್ ಟಪ್ ಅನ್ನಿಸ್ಬಹುದು. ಈ ಬ್ರೆಡ್ಡು ಸದ್ದೇ ಮಾಡಲ್ವಲ್ಲ!"

ಆದರೂ ಮಾಮ ಮಾಡಿಕೊಟ್ಟರು. ಅಷ್ಟು ಚಂದದ ರಾಗವನ್ನು ನಾನು ಕೇಳಿರಲಿಲ್ಲ. ಮೊದಲ ದಿನ ಬೀದಿಯವರೆಲ್ಲ ಕಿಟಕಿಗೆ ಬಂದು, ಗಲ್ಲಕ್ಕೆ ಕೈಯಿಟ್ಟು ಪೂರ್ತಿ ಕೇಳಿದರು. ಯಾರೂ ಹೊರಗೆ ಬರಲಿಲ್ಲ. ಮೂಲೆಮನೆಯ ಅಗ್ನೆಸ್ ಅಜ್ಜಿ ಕಣ್ಣು ಮುಚ್ಚಿ ಕೇಳಿ, ಶಿಲುಬೆಯ ಗುರುತು ಮಾಡಿಕೊಂಡು ಒಳಗೆ ಹೊರಟರು.

"ಅಜ್ಜೀ, ಬ್ರೆಡ್ ಬೇಡ್ವಾ?" ಅಪ್ಪ ಕೂಗಿದರು.

"ಅಯ್ಯೋ, ಬ್ರೆಡ್ಡಾ? ಯಾರೋ ಹೋಗ್ಬಿಟ್ರು ಅಂದ್ಕೊಂಡೆ. ಎಷ್ಟು ಚಂದ ಇತ್ತು ಮಗಾ, ಹೊಟ್ಟೆ ತುಂಬ್ತು!"

ಆ ವಾರವೆಲ್ಲ ಹಾಗೆಯೇ. ನಮ್ಮ ಕೋಳಿಗಳು ಮಾತ್ರ ದಪ್ಪಗಾದವು. ಒಂದು ಸಂಜೆ ಉಳಿದ ಬನ್ನು ಕೊಡಲು ಹೋದಾಗ ಮಾಮ ಕೀಬೋರ್ಡಿನ ಮುಂದೆ ಮಂಕಾಗಿ ಕೂತಿದ್ದರು. "ನಿಮ್ಮಪ್ಪನ್ನ ನಾನೇ ಸಮುದ್ರಕ್ಕೆ ತಳ್ಳೋ ಹಂಗಾಯ್ತಲ್ಲ, ಮಗಳೇ," ಎನ್ನುತ್ತ ರಾಗವನ್ನು ಮತ್ತೆ ನುಡಿಸಿದರು. ಇನ್ನೊಂದೇ ಸ್ವರ ಉಳಿದಿತ್ತು, ಸೊಳ್ಳೆಬತ್ತಿಯ ಹೊಗೆ ಗಂಟಲಿಗೆ ಹೋಯಿತು. ಮಾಮ ಕೈಬಿಟ್ಟು ಕೆಮ್ಮತೊಡಗಿದರು.

ಅಡುಗೆಮನೆಯಲ್ಲಿ ಅವರ ಹೆಂಡತಿ ಫಿಲೋಮಿನಾ ಅತ್ತೆ ಕಾಯಿ ತುರಿಯುತ್ತಿದ್ದರು. ತುರಿಯುವ ಸದ್ದು ನಿಂತಿತು.

"ಮುಗಿಸ್ರೀ ಅದನ್ನ!"

"ಕೆಮ್ಮು ಕಣೇ..."

"ಆಮೇಲೆ ಕೆಮ್ಮಿ! ತಲೇಲಿ ಇರುವೆ ಹೊಕ್ಕಂಗಾಗ್ತಿದೆ ನಂಗೆ!" ಅತ್ತೆ ಕಾಯಿಹೋಳು ಹಿಡಿದೇ ಹೊರಗೆ ಬಂದು, ತುರಿ ಅಂಟಿದ ಬೆರಳಿಂದ ತಾವೇ ಕೊನೆಯ ಸ್ವರ ಒತ್ತಿದರು. ಆಮೇಲೆ ಅವರ ಮುಖ ಸಮಾಧಾನವಾಯಿತು.

ಮಾಮ ಅವರನ್ನೇ ನೋಡಿದರು. "ಫಿಲೋಮಿನಾ, ನೀನೀಗ ಎದ್ದು ಬಂದೆ ಅಲ್ವಾ?"

"ಬರ್ದೆ ಇನ್ನೇನು?"

"ಮದುವೆ ಆದಾಗಿಂದ ಕರೀತಾ ಇದೀನಿ, ಒಂದು ಸಲಾನೂ ಹಿಂಗೆ ಎದ್ದು ಬಂದಿರ್ಲಿಲ್ಲ!"

ಅಂದೇ ಮಾಮ ರಾಗದ ಕೊನೆಯ ಸ್ವರ ತೆಗೆದರು. ತೆಗೆಯುವಾಗ ತುಂಬ ಸಂಕಟಪಟ್ಟರು. "ಪೂರ್ತಿ ಕೇಳಿದವ್ನು ಕೂತಲ್ಲೇ ಕೂರ್ತಾನೆ ಕಣೇ," ಎಂದು ನನಗೋ ತಮಗೋ ಹೇಳಿಕೊಂಡರು.

ಮರುದಿನ ಬೆಳಿಗ್ಗೆ ರಾಗ ಮೂಲೆಮನೆಯ ಮುಂದೆ ಅರ್ಧಕ್ಕೆ ನಿಂತಿತು. ಅಪ್ಪ ಆಟೊ ನಿಲ್ಲಿಸಿದರು. ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಚಿಲಕ ತೆಗೆಯುವ ಸದ್ದು, ಪಕ್ಕದಲ್ಲಿ ಇನ್ನೊಂದು. ಅಗ್ನೆಸ್ ಅಜ್ಜಿ ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಬಂದರು.

"ಮಿಕ್ಕಿದ್ದೆಲ್ಲೋ?"

"ಇಲ್ಲಿದೆ ಅಜ್ಜಿ," ಎಂದು ಅಪ್ಪ ಬಿಸಿ ಬ್ರೆಡ್ಡು ಕೈಗಿಟ್ಟರು.

"ಇದಲ್ವೋ, ಅದು!" ಎಂದು ಅಜ್ಜಿ ತಾವೇ "ಲಾಆಆ" ಎಂದು ಮುಗಿಸಿದರು. ಮುಗಿಸಿದ ಮೇಲೆ ಕೈಯಲ್ಲಿದ್ದ ಬ್ರೆಡ್ಡು ನೋಡಿ, ಎರಡು ಮೀನಿನ ಬನ್ನೂ ತೆಗೆದುಕೊಂಡರು.

ಈಗ ನಮ್ಮ ಬೀದಿಯಲ್ಲಿ ಬ್ರೆಡ್ಡು ಕೊಳ್ಳುವುದೇ ಹೀಗೆ. ಹೊರಗೆ ಬಂದು ಕೊನೆಯ ಸ್ವರ ಹಾಡಬೇಕು. ಅಗ್ನೆಸ್ ಅಜ್ಜಿಯ ಸ್ವರ ಯಾವತ್ತೂ ಸರಿ ಬಂದಿಲ್ಲ. "ಆ ಮುದುಕಿ ದಿನಾ ನನ್ನ ರಾಗದ ಕತ್ತು ಹಿಸುಕ್ತಾಳೆ," ಎಂದು ಮಾಮ ಬಯ್ಯುತ್ತಾರೆ. ಆದರೆ ಅದನ್ನು ಕೇಳಲು ಕಿಟಕಿಯಲ್ಲಿ ನಿಲ್ಲುವುದನ್ನು ಒಂದು ದಿನವೂ ತಪ್ಪಿಸುವುದಿಲ್ಲ. ಹೊಸ ಬೇಕರಿಯ ಆಟೊ ಈಗಲೂ ಮೊದಲು ಬರುತ್ತದೆ, ಕೆಲವರು ಅಲ್ಲೂ ಕೊಳ್ಳುತ್ತಾರೆ. ಆದರೆ ದೋಣಿಗೆ ಬೇರೆಯವರನ್ನು ನೋಡಿಕೊಳ್ಳಿ ಎಂದು ಅಪ್ಪ ದೊಡ್ಡಪ್ಪನಿಗೆ ಹೇಳಿ ಬಂದಿದ್ದಾರೆ.

ಹಿಂದೆ ಕೂತು ಬ್ರೆಡ್ಡು ಎತ್ತಿ ಕೊಡುವುದರಲ್ಲೇ ಇದ್ದು, ಆ ಸ್ವರವನ್ನು ಇನ್ನೂ ಹಾಡದವಳು ಬೀದಿಯಲ್ಲಿ ನಾನೊಬ್ಬಳೇ. ನಾಳೆ ಬೆಳಿಗ್ಗೆ ಅಗ್ನೆಸ್ ಅಜ್ಜಿಗೆ ಬ್ರೆಡ್ಡು ಕೊಡುವಾಗ, ಅವರ ಜೊತೆ ನಾನೂ ಹಾಡುತ್ತೇನೆ.