ಒಂದು ಗೇಣು ಬೆಲ್ಟು

ಅವರ ಮುಖಕ್ಕಿಂತ ಮೊದಲು ನಾನು ನೋಡಿದ್ದು ಅವರ ಅಂಗಾಲುಗಳನ್ನು. ಒಂದು ಕಾರಿನ ಹಿಂಬಾಗಿಲಿನಿಂದ ಅವೆರಡೂ ಹೊರಗೆ ಚಾಚಿಕೊಂಡಿದ್ದವು. ಸುಣ್ಣ ಬಳಿದಂತೆ ಬೆಳ್ಳಗೆ, ಹಿಮ್ಮಡಿಯಲ್ಲಿ ಗೆರೆಗೆರೆಯಾಗಿ ಒಡೆದಿದ್ದವು. ಎಡಗಾಲಿನ ಹೆಬ್ಬೆರಳಿಗೆ ಒಂದು ಎಳೆ ಕಂದು ದಾರ ಸುತ್ತಿಕೊಂಡಿತ್ತು. ಉಳಿದ ದೇಹವೆಲ್ಲ ಸೀಟಿನ ಕೆಳಗಿತ್ತು. "ಒಸಿ ತಡೀರಿ ಸಾ, ಬಂದೆ" ಎಂದು ಕಾರೇ ಮಾತಾಡಿದ ಹಾಗೆ ಕೇಳಿಸಿತು. ನಾನು ಆ ಅಂಗಾಲುಗಳಿಗೆ ನಮಸ್ಕಾರ ಹೇಳಿ ಕಾದು ನಿಂತೆ.

ಎಲ್ಲರೂ ಅವರನ್ನು ಸೀಟ್ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಬೊಮ್ಮನಹಳ್ಳಿಯಲ್ಲಿ, ಹೊಸೂರು ರಸ್ತೆಯ ಪಕ್ಕದ ಸರ್ವಿಸ್ ರಸ್ತೆಯಲ್ಲಿ, ಸರಿಯಾಗಿ ಒಂದು ಕಾರು ಮೂಗು ತೂರಿಸುವಷ್ಟು ಅಗಲದ ಅಂಗಡಿ. ಕಾರಿನ ಸೀಟುಗಳಿಗೆ ಹೊಸ ಹೊದಿಕೆ ಹೊಲಿಯುವುದು, ಕುಸಿದ ಫೋಮು ಬದಲಾಯಿಸುವುದು ಅವರ ಕೆಲಸ. ಆನೇಕಲ್ ಕಡೆಯವರು. ಹರೆಯದಲ್ಲಿ ಬೊಮ್ಮನಹಳ್ಳಿಯದೇ ಒಂದು ಗಾರ್ಮೆಂಟ್ಸಿನಲ್ಲಿ ವರ್ಷಗಟ್ಟಲೆ ಬರೀ ಅಂಗಿಯ ಕಾಲರು ಹೊಲಿದು ಬೇಸತ್ತು ಈ ಕಡೆ ಬಂದಿದ್ದರು. ಕಾಲರಿಗಿಂತ ಸೀಟು ವಾಸಿ, ಕೂತೆದ್ದವರು ಒಂದು ಮಾತಾದರೂ ಹೇಳಿ ಹೋಗುತ್ತಾರೆ ಎನ್ನುತ್ತಿದ್ದರು.

ನಾನು ಅಲ್ಲಿಗೆ ಹೋದದ್ದು ಒಂದು ಮೆತ್ತೆ ಹೊಲಿಸಲು. ನನ್ನ ಹೆಂಡತಿಯ ಬೆನ್ನಿನ ಡಿಸ್ಕು ಜಾರಿ ಎರಡು ತಿಂಗಳಾಗಿತ್ತು. ಜಿಗಣಿಯ ಔಷಧಿ ಕಾರ್ಖಾನೆಯೊಂದರ ಪರೀಕ್ಷಾಲಯದಲ್ಲಿ ಅವಳದು ಹದಿನೇಳು ವರ್ಷದ ಕೆಲಸ. ಸ್ಕೂಟರು ಕೂಡದು, ಎತ್ತಿ ಕುಕ್ಕುವ ಕಂಪನಿಯ ವ್ಯಾನೂ ಕೂಡದು ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ರಜೆ ಮುಗಿದ ಮೇಲೂ ಬರಲಾಗದಿದ್ದರೆ ಬಿಟ್ಟುಬಿಡುವುದೇ ಒಳ್ಳೆಯದು ಎಂದು ಕಂಪನಿಯವರು ಬಹಳ ಮೃದುವಾಗಿ ಸೂಚಿಸಿದ್ದರು. ಅವಳು ಮನೆಯಲ್ಲಿ ಮಲಗಿದಲ್ಲೇ ಹಾಲಿನ ಪೊಟ್ಟಣದ ಮೇಲಿನ ಸಣ್ಣ ಅಕ್ಷರಗಳನ್ನು ಓದಿ ತಪ್ಪು ಹುಡುಕುತ್ತಿದ್ದಳು. ಅವಳನ್ನು ಕೆಲಸದಿಂದ ಬಿಡಿಸಿದರೆ ಬೆನ್ನು ಸರಿಹೋದೀತು, ಉಳಿದದ್ದೆಲ್ಲ ಕೆಡುತ್ತದೆ ಎಂಬುದು ನನಗೂ ಹೊಳೆದಿತ್ತು. ಅವಳಿಗೆ ಕಾರು ಓಡಿಸಲು ಬರುತ್ತದೆ. ನಮ್ಮ ಕೈಗೆ ಎಟಕುವುದು ಹಳೇ ಕಾರು ಮಾತ್ರ, ಅದೂ ಒಂದೇ ಸಲ. ತಪ್ಪು ಗಾಡಿ ಕೊಂಡರೆ ಇನ್ನೊಂದಕ್ಕೆ ದಾರಿಯಿರಲಿಲ್ಲ.

ಇಂಥ ಜವಾಬ್ದಾರಿ ನನ್ನ ತಲೆಗೆ ಬರಬಾರದಿತ್ತು. ಟೊಮ್ಯಾಟೊ ಕೊಳ್ಳುವಾಗಲೂ ಪಕ್ಕದವರು ಯಾವುದನ್ನು ಆರಿಸುತ್ತಾರೆಂದು ಕಳ್ಳಗಣ್ಣಿನಿಂದ ನೋಡುವವನು ನಾನು. ಹಳೇ ಕಾರು ಕೊಳ್ಳುವ ಬಗ್ಗೆ ಸಿಕ್ಕ ವಿಡಿಯೋಗಳನ್ನೆಲ್ಲ ನೋಡಿ ನಲವತ್ತೆರಡು ಅಂಶಗಳ ಪಟ್ಟಿ ಮಾಡಿದ್ದೆ. ಇಂಜಿನ್ನನ್ನು ತಣ್ಣಗಿರುವಾಗಲೇ ಕೇಳಬೇಕು ಎಂದು ಒಬ್ಬ, ಬಿಸಿಯಾದ ಮೇಲೆಯೇ ಕೇಳಬೇಕು ಎಂದು ಇನ್ನೊಬ್ಬ. ನಾನು ಎರಡೂ ಬಗೆಯಲ್ಲಿ ಕೇಳಿದೆ. ಎಲ್ಲ ಇಂಜಿನ್ನುಗಳೂ ನಮ್ಮ ಮನೆಯ ಮಿಕ್ಸಿಯ ಹಾಗೆಯೇ ಕೇಳಿಸಿದವು. ಪಟ್ಟಿ ಬೆಳೆದಷ್ಟೂ ನನಗೆ ತಿಳಿದದ್ದು ಕಡಿಮೆಯಾಗುತ್ತ ಬಂತು.

ಮೆತ್ತೆಯ ಅಳತೆ ಕೊಡುವಾಗ ಇದನ್ನೆಲ್ಲ ಮೇಸ್ತ್ರಿಯ ಮುಂದೆ ತೋಡಿಕೊಂಡೆ. ಅವರು ಅಂಗಿಯ ಕಾಲರಿಗೆ ಚುಚ್ಚಿದ್ದ ಸೂಜಿಯನ್ನು ತೆಗೆದು ಮತ್ತೆ ಅಲ್ಲೇ ಚುಚ್ಚಿ, ಯಾವುದಾದರೂ ಗಾಡಿ ಮನಸ್ಸಿಗೆ ಬಂದರೆ ಐದು ನಿಮಿಷ ಇಲ್ಲಿಗೆ ತನ್ನಿ ಎಂದರು. ನಿಮಗೆ ಇಂಜಿನ್ ಗೊತ್ತೇ ಎಂದು ಕೇಳಿದೆ.

"ಇಲ್ಲ ಸಾ. ಗಾಡಿ ಓಡ್ಸಕ್ಕೂ ಬರಾಕಿಲ್ಲ, ಬಾನೆಟ್ ಎತ್ತೋದು ಎಂಗೆ ಅಂತಾನೂ ಗೊತ್ತಿಲ್ಲ. ಅದುನ್ನ ಎಲ್ರೂ ನೋಡ್ತಾರೆ, ಅದ್ಕೇ ಎಲ್ರೂ ಒರ್ಸಿ ಇಟ್ಟಿರ್ತಾರೆ."

ಕಾರು ಓಡಿಸಲು ಬಾರದ, ಬಾನೆಟ್ ಎತ್ತಲೂ ಬಾರದ ದರ್ಜಿಯೊಬ್ಬರ ಮಾತು ಕೇಳಿ ಕಾರು ಕೊಳ್ಳುವುದೇ? ಇಡೀ ದಾರಿ ಹೀಗೆಂದು ನನ್ನನ್ನೇ ಬೈದುಕೊಂಡು ಮನೆಗೆ ಬಂದೆ. ಮುಂದಿನ ವಾರ ಒಂದು ಕಾರನ್ನು ಅವರ ಅಂಗಡಿಗೇ ಒಯ್ದೆ.

ಆ ಕಾರು ಹೆಚ್ಚು ಓಡಿರಲಿಲ್ಲ, ಮೀಟರು ಹಾಗೆ ಹೇಳುತ್ತಿತ್ತು. ಮೇಸ್ತ್ರಿ ಮಾಲೀಕನ ಅಪ್ಪಣೆ ಕೇಳಿ (ಅಪ್ಪಣೆಯಿಲ್ಲದೆ ಅವರು ಯಾರ ಸೀಟಿನ ಮೇಲೂ ಕೂರುತ್ತಿರಲಿಲ್ಲ) ಡ್ರೈವರ್ ಸೀಟಿನಲ್ಲಿ ಕೂತು ಕಣ್ಣು ಮುಚ್ಚಿದರು. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ವಾಲಿದರು. ಆಮೇಲೆ ಸೀಟಿನ ಬಲ ಅಂಚನ್ನು ಹೆಬ್ಬೆರಳಿನಿಂದ ಒತ್ತಿದರೆ ಅದು ಹಳೇ ದಿಂಬಿನ ಹಾಗೆ ಒಳಗೆ ಹೋಗಿ ಅಲ್ಲೇ ಉಳಿಯಿತು. ದಿನಕ್ಕೆ ಎರಡು ಸಲ ಹತ್ತಿ ಇಳಿಯುವವರ ಸೀಟು ಹೀಗಾಗುವುದಿಲ್ಲ, ಇದರಲ್ಲಿ ಕೂತವನು ದಿನಕ್ಕೆ ಐವತ್ತು ಸಲ ಇಳಿದಿದ್ದಾನೆ, ಮನೆಮನೆಗೆ ಪಾರ್ಸೆಲ್ ಹಂಚಿದ್ದಾನೆ ಎಂದರು. ಮಾಲೀಕ ಸಿಟ್ಟಿನಿಂದ ಏನೋ ಹೇಳಲು ಬಾಯಿ ತೆರೆದವನು, ಅವರು ಇಳಿದ ಕೂಡಲೇ ಹತ್ತಿ ಕೂತು ಕೀಲಿ ತಿರುಗಿಸಿದ.

ಹಾಗಾದರೆ ಬೇಡವೇ ಎಂದು ಕೇಳಿದೆ. ಮೇಸ್ತ್ರಿ ಹೋಗಿ ಮೆಷಿನ್ನಿನ ಮುಂದೆ ಕೂತರು. ಅವರ ಅಭ್ಯಾಸವೇ ಅದು. ಕಂಡದ್ದನ್ನು ಹೇಳುತ್ತಾರೆ, ತಗೊಳ್ಳಿ ಎಂದಾಗಲಿ ಬಿಡಿ ಎಂದಾಗಲಿ ಎಂದೂ ಹೇಳುವುದಿಲ್ಲ. ನನಗೆ ಬೇಕಾಗಿದ್ದದ್ದು ಆ ಒಂದು ಶಬ್ದ ಮಾತ್ರ, ಉಳಿದದ್ದನ್ನು ಅವರೇ ಇಟ್ಟುಕೊಂಡರೂ ನನ್ನ ಅಭ್ಯಂತರವಿರಲಿಲ್ಲ.

ಅವರ ಮೆಷಿನ್ನಿನ ಪಕ್ಕ ಒಂದು ಬಿಸ್ಕತ್ತಿನ ಡಬ್ಬ ಇರುತ್ತಿತ್ತು. ಸೀಟು ಬಿಚ್ಚುವಾಗ ಸಂದಿಯಲ್ಲಿ ಸಿಕ್ಕ ಓಲೆ, ಕ್ಲಿಪ್ಪು, ಸ್ಕೂಲಿನ ಬ್ಯಾಡ್ಜು, ಒಮ್ಮೆ ಯಾರದೋ ಹಾಲುಹಲ್ಲು, ಎಲ್ಲವನ್ನೂ ಅದರಲ್ಲಿಟ್ಟು ಗಾಡಿಯವರು ಬಂದಾಗ ಮರೆಯದೆ ವಾಪಸು ಕೊಡುತ್ತಿದ್ದರು. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಮುಂದೆ ಅವರ ಬಗ್ಗೆ ನಾನು ಹೇಳಲಿರುವುದಕ್ಕೂ ಈ ಡಬ್ಬಕ್ಕೂ ಹೇಗೆ ಹೊಂದಿಕೆ ಎಂಬುದು ನನಗೆ ಇವತ್ತಿಗೂ ಬಗೆಹರಿದಿಲ್ಲ.

ರಜೆ ಮುಗಿಯಲು ನಾಲ್ಕು ದಿನ ಉಳಿದಿದ್ದಾಗ ಒಬ್ಬ ಬ್ರೋಕರ್ ಬೆಳ್ಳಿ ಬಣ್ಣದ ಕಾರೊಂದನ್ನು ತೋರಿಸಿದ. ಬೆಳ್ಳಂದೂರಿನ ಅಪಾರ್ಟ್‌ಮೆಂಟಿನ ಗಾಡಿ, ಐಟಿಯವರದು, ಶನಿವಾರ ಭಾನುವಾರ ಬಿಟ್ಟು ಹೊರಗೇ ತೆಗೆದಿಲ್ಲ ಎಂದ. ಹುಟ್ಟಿದಂದಿನಿಂದ ಮಾಡಿಸಿದ ಸರ್ವಿಸಿನ ಕಾಗದವೆಲ್ಲ ಒಂದು ಫೈಲಿನಲ್ಲಿತ್ತು. ಬೆಲೆಯೂ ನಮಗೆ ಎಟಕುವಂತಿತ್ತು. ನನ್ನ ನಲವತ್ತೆರಡು ಅಂಶಗಳಲ್ಲಿ ನಲವತ್ತೊಂದಕ್ಕೆ ಟಿಕ್ಕು ಬಿತ್ತು. ಉಳಿದ ಒಂದು ಏನೆಂದು ನನಗೇ ಅರ್ಥವಾಗಿರಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಹೆಂಡತಿ ಅದರಲ್ಲಿ ಕೂತು, ಎರಡು ತಿಂಗಳಲ್ಲಿ ಮೊದಲ ಸಲ ಮುಖ ಸಡಿಲಿಸಿ, "ಇದ್ರಲ್ಲಿ ನೋಯ್ತಿಲ್ಲ ಕಣ್ರೀ" ಎಂದಳು.

ಆದರೂ ಸೀಟ್ ಮೇಸ್ತ್ರಿಗೆ ಒಮ್ಮೆ ತೋರಿಸಬೇಕು ಎಂದೆ. ಬ್ರೋಕರ್ ನಕ್ಕುಬಿಟ್ಟ.

"ಅವ್ರಾ? ನಮ್ಮೋರೇ ಸಾರ್. ನನ್ನ ಅಷ್ಟೂ ಗಾಡಿ ಕೆಲ್ಸ ಅಲ್ಲೇ ಆಗೋದು. ನಡೀರಿ, ಟೀನೂ ಕುಡ್ದಂಗಾಯ್ತು."

ಮೇಸ್ತ್ರಿ ಕಾರನ್ನು ನೋಡಿದ ಕೂಡಲೇ ಎದ್ದು ಬರಲಿಲ್ಲ. ಕೈಯಲ್ಲಿದ್ದ ಹೊಲಿಗೆಯನ್ನು ಮುಗಿಸಿ, ದಾರ ಕತ್ತರಿಸಿ, ಆಮೇಲೆ ಬಂದರು. ಸೀಟಿನ ಬೆನ್ನ ಮೇಲೆ ಒಮ್ಮೆ ಕೈಯಾಡಿಸಿದರು, ಅಷ್ಟೇ. ಹೇಳಿ ಮೇಸ್ತ್ರಿ, ಗಾಡಿ ಹೆಂಗಿದೆ ಎಂದು ಬ್ರೋಕರ್ ಧಾರಾಳವಾಗಿ ಕೇಳಿದ. ಅವರು ಅವನ ಕಡೆ ನೋಡದೆ ನನ್ನ ಹೆಂಡತಿಯನ್ನು ಎಲ್ಲಿಗೆ ಓಡಾಡಬೇಕವ್ವಾ ಎಂದು ವಿಚಾರಿಸಿದರು. ಅವಳು ಜಿಗಣಿ, ಲ್ಯಾಬು, ಡಾಕ್ಟರು, ಸೋಮವಾರ ಎಲ್ಲವನ್ನೂ ಹೇಳಿದಳು. ಅವರು ತಲೆಯಾಡಿಸುತ್ತ ಕೇಳಿದರು. ಕೇಳಿ ಮುಗಿದ ಮೇಲೂ ಸ್ವಲ್ಪ ಹೊತ್ತು ತಲೆಯಾಡಿಸುತ್ತಲೇ ಇದ್ದರು.

ಆಮೇಲೆ ಸೀಟ್ ಬೆಲ್ಟನ್ನು ಎಳೆದರು. ನಾವೆಲ್ಲ ಎಳೆಯುವುದು ಹೊಟ್ಟೆಯ ಅಳತೆಗೆ. ಅವರು ಬಾವಿಯಿಂದ ಹಗ್ಗ ಸೇದುವಂತೆ ಎರಡೂ ಕೈಯಲ್ಲಿ ಎಳೆಯುತ್ತಲೇ ಹೋದರು, ಅದು ಇನ್ನು ಬರುವುದಿಲ್ಲ ಎಂದು ನಿಲ್ಲುವ ತನಕ. ಕೊನೆಯ ಒಂದು ಗೇಣಿನಷ್ಟು ಬೆಲ್ಟು ಚಹಾದ ಬಣ್ಣಕ್ಕೆ ತಿರುಗಿತ್ತು. ಆ ತುದಿಯನ್ನು ಅವಳ ಕೈಗೆ ಕೊಟ್ಟರು.

"ವಾಸ್ನೆ ನೋಡವ್ವಾ."

ಅವಳು ಮೂಸಿದಳು. ಹದಿನೇಳು ವರ್ಷ ಲ್ಯಾಬಿನಲ್ಲಿ ಪಳಗಿದ ಮೂಗು. "ಕೆರೆ" ಎಂದಳು.

ನಾನೂ ಮೂಸಿದೆ. ನನಗೆ ಬೆಲ್ಟಿನ ವಾಸನೆ ಬಂತು.

ಎಲ್ಲ ಬೆಲ್ಟೂ ಹಾಗೆಯೇ ಇರುತ್ತದೆ ಎಂದು ಬ್ರೋಕರ್ ವಾದಿಸಿದ. ಫೈಲು ತೆಗೆದು ತೋರಿಸಿದ. ನಾನು ಫೈಲನ್ನೂ ಬೆಲ್ಟನ್ನೂ ನೋಡುತ್ತ, ಯಾವುದನ್ನು ನಂಬಬೇಕೆಂದು ತಿಳಿಯದೆ ನಿಂತೆ. ಹೆಂಡತಿ ಮಾತ್ರ ಒಂದು ಕೈಯನ್ನು ಸೊಂಟದ ಮೇಲಿಟ್ಟುಕೊಂಡು ನಿಧಾನವಾಗಿ ಕಾರಿನಿಂದ ಇಳಿದಳು. ಅವಳಿಗೆ ನೋಯದಿದ್ದ ಒಂದೇ ಸೀಟು ಅದು. ಹೊರಡುವಾಗ ಬ್ರೋಕರ್ ಕಿಟಕಿ ಇಳಿಸಿ, ಕೋಪವಿಲ್ಲದ ದನಿಯಲ್ಲಿ, "ಆಯ್ತು ಬುಡಿ ಮೇಸ್ತ್ರಿ. ಇನ್ಮೇಲೆ ಬೇರೆ ಕಡೆ ನೋಡ್ಕೋತೀನಿ" ಎಂದ.

ನೋಡಿದ ಕೂಡಲೇ ಹೇಗೆ ಗೊತ್ತಾಯಿತು ಎಂದು ಮೇಸ್ತ್ರಿಯನ್ನು ಕೇಳಿದೆ.

"ನಾನೇ ಒಲ್ದಿರೋದು ಸಾ ಅದುನ್ನ" ಎಂದರು.

ಬೆಳ್ಳಂದೂರಿನ ಕಡೆ ಅಪಾರ್ಟ್‌ಮೆಂಟುಗಳ ನೆಲಮಾಳಿಗೆಗೆ ಕೆರೆಯ ನೀರು ನುಗ್ಗಿದ ಮಳೆಗಾಲದಲ್ಲಿ, ಮುಳುಗಿದ ಕಾರುಗಳು ಸಾಲಾಗಿ ಅವರ ಅಂಗಡಿಗೆ ಬಂದಿದ್ದವಂತೆ. ಕೊಳೆತ ಫೋಮು ಕಿತ್ತು, ಹೊಸದು ತುಂಬಿ, ಹೊಸ ಹೊದಿಕೆ ಹಾಕಿ, ಬೆಲ್ಟುಗಳನ್ನು ಸೋಪಿನಲ್ಲಿ ತೊಳೆದು ಕೊಟ್ಟವರು ಅವರೇ. ಅವು ಮಾರಾಟಕ್ಕೆ ಹೋಗುತ್ತವೆಂದು ಗೊತ್ತಿತ್ತು. ನೀರಿನ ವಿಷಯವನ್ನು ಯಾರೂ ಹೇಳುವುದಿಲ್ಲವೆಂದೂ ಗೊತ್ತಿತ್ತು. ಆದರೆ ಪ್ರತಿಯೊಂದು ಕಾರಿನಲ್ಲೂ ಡ್ರೈವರನ ಬೆಲ್ಟಿನ ಕೊನೆಯ ಒಂದು ಗೇಣನ್ನು ಬೇಕೆಂದೇ ತೊಳೆಯದೆ ಬಿಟ್ಟಿದ್ದರು.

ಯಾಕೆ ಎಂದೆ.

"ಪೂರ್ತಿ ಎಳ್ದು ನೋಡ್ದೋರಿಗೆ ಗೊತ್ತಾಗ್ಲಿ ಅಂತ."

"ಎಳೀದೇ ಇದ್ದೋರಿಗೆ?"

ಅವರು ಕಾಲರಿನ ಸೂಜಿ ತೆಗೆದರು, ಮತ್ತೆ ಚುಚ್ಚಿದರು. "ನೀವೊಬ್ರೇ ಸಾ ತೋರ್ಸಕ್ಕೆ ಅಂತ ತಂದಿದ್ದು" ಎಂದರು.

ಆ ರಾತ್ರಿಯಿಡೀ ನಾನು ಹೆಂಡತಿಯ ತಲೆ ತಿಂದೆ. ಮುಚ್ಚಿಡಲು ಕೂಲಿ ತೆಗೆದುಕೊಂಡ ಮನುಷ್ಯ ಪ್ರಾಮಾಣಿಕನೇ? ಗುಟ್ಟಾಗಿ ಗುರುತು ಬಿಟ್ಟವನು ಮೋಸಗಾರನೇ? ಒಂದು ಗೇಣು ಪ್ರಾಮಾಣಿಕತೆಯಿಂದ ಉಳಿದ ಬೆಲ್ಟು ಶುದ್ಧವಾಗುತ್ತದೆಯೇ? ಅವಳು ಬೆನ್ನಿಗೆ ಬಿಸಿನೀರಿನ ಚೀಲ ಒತ್ತಿಕೊಂಡು, ಅವರನ್ನು ನೀವು ಕೊಂಡುಕೊಳ್ಳಬೇಕಾಗಿಲ್ಲ, ಮಲಗಿ ಎಂದಳು.

ಕಂಪನಿಯವರು ಮುಖ ಗಂಟಿಕ್ಕಿಕೊಂಡೇ ಇನ್ನೂ ಹತ್ತು ದಿನ ರಜೆ ಕೊಟ್ಟರು. ಎಂಟನೆಯ ದಿನ ಅವಳ ಸಹೋದ್ಯೋಗಿಯ ಚಿಕ್ಕಪ್ಪನದೊಂದು ಕೆಂಪು ಕಾರು ಸಿಕ್ಕಿತು. ಬಣ್ಣ ಮಾಸಿತ್ತು. ಹಿಂದಿನ ಸೀಟಿನಲ್ಲಿ ನಾಯಿಕೂದಲು, ಬಾಗಿಲಿಗೆ ಮಗು ಅಂಟಿಸಿದ ಸ್ಟಿಕ್ಕರು, ಪಕ್ಕದ ಸೀಟಿನ ಮೇಲೆ ಸಾರು ಚೆಲ್ಲಿದ ಭೂಪಟ. ನನ್ನ ಪಟ್ಟಿಯಲ್ಲಿ ಹತ್ತೊಂಬತ್ತು ಅಂಶಗಳಿಗೆ ಮಾತ್ರ ಟಿಕ್ಕು ಬಿತ್ತು. ಮೇಸ್ತ್ರಿ ಬೆಲ್ಟು ಎಳೆದರು, ಕಾರ್ಪೆಟ್ ಎತ್ತಿದರು, ಕಣ್ಣು ಮುಚ್ಚಿ ಕೂತರು. ಎದ್ದು ಬಂದು ಹೇಳಿದ್ದು ಇಷ್ಟೇ: "ಇದ್ರಾಗೆ ಯಾರೂ ಏನೂ ಮುಚ್ಚಿಟ್ಟಿಲ್ಲ ಸಾ. ಕೊಳಕೆಲ್ಲ ವೊರ್ಗೇ ಅದೆ."

ತಗೊಳ್ಳಲೇ ಎಂದು ಅಂಗಲಾಚಿದೆ. ಅವರು ಹೆಂಡತಿಯ ಬೆನ್ನಿನ ಅಳತೆ ತೆಗೆದುಕೊಳ್ಳತೊಡಗಿದರು.

ಡ್ರೈವರ್ ಸೀಟನ್ನು ಬಿಚ್ಚಿ, ಫೋಮನ್ನು ಮೂರು ಪದರದಲ್ಲಿ ಕತ್ತರಿಸಿ, ಅವಳನ್ನು ನಾಲ್ಕು ಸಲ ಕೂರಿಸಿ ಎಬ್ಬಿಸಿ ಹೊಲಿದುಕೊಟ್ಟರು. ಹನ್ನೊಂದನೆಯ ದಿನ ಬೆಳಿಗ್ಗೆ ಅವಳು ಅವರ ಅಂಗಡಿಯ ಮುಂದಿನ ಸರ್ವಿಸ್ ರಸ್ತೆಯಲ್ಲೇ ಜಿಗಣಿಗೆ ಹೋದಳು. ಸಂಜೆ ಬಂದು, ತಾನಿಲ್ಲದಾಗ ಲ್ಯಾಬಿನಲ್ಲಿ ಯಾರ‍್ಯಾರು ಏನೇನು ತಪ್ಪು ಮಾಡಿದ್ದಾರೆಂದು ಒಂದು ಗಂಟೆ ಹೇಳಿದಳು. ಅಷ್ಟು ಸಂತೋಷದ ದೂರುಗಳನ್ನು ನಾನು ಕೇಳಿಯೇ ಇರಲಿಲ್ಲ.

ಬ್ರೋಕರ್ ಮಾತಿಗೆ ತಪ್ಪಲಿಲ್ಲ. ಅವನಷ್ಟೇ ಅಲ್ಲ, ಅವನ ಬಳಗದವರೂ ಮೇಸ್ತ್ರಿಗೆ ಗಾಡಿ ಕಳಿಸುವುದನ್ನು ನಿಲ್ಲಿಸಿದರು. ಒಂದೆರಡು ಸಲ ಆ ಕಡೆ ಹೋದಾಗ ಅಂಗಡಿಯಲ್ಲಿ ಕಾರಿರಲಿಲ್ಲ. ಅವರು ಹರಿದ ಸ್ಕೂಲ್ ಬ್ಯಾಗುಗಳಿಗೆ ಜಿಪ್ಪು ಹಾಕುತ್ತ ಕೂತಿದ್ದರು. ನಮ್ಮಿಂದ ನಿಮಗೆ ಹೀಗಾಯಿತಲ್ಲ ಎಂದೆ. ನಿಮ್ಮಿಂದ ಏನಾಗಿಲ್ಲ ಬುಡಿ ಸಾ ಎಂದರು. ಅದು ಸಮಾಧಾನವೋ, ಮಾತು ಮುಗಿಸುವ ರೀತಿಯೋ ತಿಳಿಯಲಿಲ್ಲ. ಕೃತಜ್ಞತೆ ಹೇಳಬೇಕೋ ಕ್ಷಮೆ ಕೇಳಬೇಕೋ ಎಂದು ನಿರ್ಧರಿಸಲಾಗದೆ, ನನ್ನ ಸ್ವಭಾವಕ್ಕೆ ತಕ್ಕಂತೆ, ಆ ಕಡೆ ಹೋಗುವುದನ್ನೇ ಕಡಿಮೆ ಮಾಡಿದೆ. ಆಮೇಲೆ ನಿಲ್ಲಿಸಿದೆ.

ಕಳೆದ ವರ್ಷ ಸೀಟಿನ ಹೊಲಿಗೆಯೊಂದು ಬಿಟ್ಟಿತೆಂದು ಒಂದು ಭಾನುವಾರ ಕೆಂಪು ಕಾರನ್ನು ಅಲ್ಲಿಗೆ ಒಯ್ದೆ. ಶಟರು ಎಳೆದಿತ್ತು. ಎದೆನೋವೆಂದು ಮೆಷಿನ್ನಿನಿಂದ ಎದ್ದವರು ಮತ್ತೆ ಬರಲಿಲ್ಲ, ತೀರಿಕೊಂಡು ತಿಂಗಳಾಯಿತು ಎಂದು ಪಕ್ಕದ ಟೀ ಅಂಗಡಿಯ ಅಕ್ಕ ಹೇಳಿದರು. ಬೇಗೂರಿನಲ್ಲಿದ್ದ ಮನೆಯ ಗುರುತನ್ನೂ ಅವರೇ ಹೇಳಿದರು.

ದಾರಿಯುದ್ದಕ್ಕೂ ಒಂದು ವಾಕ್ಯ ಸಿದ್ಧಪಡಿಸಿಕೊಂಡು ಹೋದೆ. ಮೇಸ್ತ್ರಿಯ ಹೆಂಡತಿ ಬಾಗಿಲು ತೆರೆದರು. ನಾನು ಯಾರೆಂದು ಹೇಳಲು ತಡವರಿಸುತ್ತ ಕೆಂಪು ಕಾರು, ಜಿಗಣಿ ಎಂದೇನೋ ಅಂದೆ. ಅವರಿಗೆ ಅಷ್ಟೇ ಸಾಕಾಯಿತು.

ಮೇಸ್ತ್ರಿ ದಿನಾ ಬೆಳಿಗ್ಗೆ ಏಳೂವರೆಗೆ ಅಂಗಡಿಯ ಮುಂದೆ ನಿಂತಿರುತ್ತಿದ್ದರಂತೆ, ಕೆಂಪು ಕಾರು ಹೋಗುವುದನ್ನು ನೋಡಲು. ಅದು ಹಾದುಹೋದ ಮೇಲೆಯೇ ಮೆಷಿನ್ನಿಗೆ ಕೂರುವುದು. ಇವತ್ತೂ ಹೋಯಿತು ಎಂದು ಮನೆಗೆ ಬಂದು ಹೇಳುತ್ತಿದ್ದರಂತೆ. ನನಗಾಗಲಿ ನನ್ನ ಹೆಂಡತಿಗಾಗಲಿ ಇದು ಗೊತ್ತೇ ಇರಲಿಲ್ಲ. ಸರ್ವಿಸ್ ರಸ್ತೆಯನ್ನು ಪೈಪಿಗಾಗಿ ಅಗೆದ ಮೇಲೆ, ಗುಂಡಿಯಿಂದ ಬೆನ್ನಿಗೆ ತೊಂದರೆಯೆಂದು, ನಾನೇ ಅವಳನ್ನು ಒಳರಸ್ತೆಯಲ್ಲಿ ಹೋಗು ಎಂದು ಒಪ್ಪಿಸಿ ಆರು ತಿಂಗಳಾಗಿತ್ತು.

"ಆಮ್ಯಾಕೆ ಕಾಣ್ಲೇ ಇಲ್ಲ, ಕಾಣ್ಲೇ ಇಲ್ಲ ಅಂತಿದ್ರು" ಎಂದರು ಆಕೆ. "ಕೆಟ್ಟೋಯ್ತಾ ಸಾ ಗಾಡಿ?"

ಸಿದ್ಧಪಡಿಸಿದ್ದ ವಾಕ್ಯ ನೆನಪಿಗೆ ಬರಲಿಲ್ಲ.

"ಇಲ್ಲಮ್ಮ, ಚೆನ್ನಾಗಿ ಓಡ್ತಿದೆ. ಹೊರಗೇ ನಿಂತಿದೆ" ಎಂದೆ.

ಆಕೆ ಸೆರಗಿಗೆ ಕೈ ಒರೆಸಿಕೊಂಡು, ಚಪ್ಪಲಿ ಹಾಕಿಕೊಳ್ಳದೆ, ನೋಡಲು ಹೊರಗೆ ಬಂದರು.